ಕೊನೆಯಲ್ಲಿ ಹಾಯುವ ಹೆಸರುಗಳು

ಹೋದ ಆಷಾಢದ ಒಂದು ಭಾನುವಾರ. ಸಕಲೇಶಪುರದ ಘಟ್ಟದ ಕಡೆಯಿಂದ ಎದ್ದ ಮಳೆ ಮಧ್ಯಾಹ್ನದ ಹೊತ್ತಿಗೇ ಹಾಸನವನ್ನು ಹಿಡಿದಿತ್ತು. ಹೊರಗೆ ಕಾಲಿಡುವ ಮಾತೇ ಇರಲಿಲ್ಲ. ಮಗಳು ಬೆಂಗಳೂರಿನಿಂದ ಫೋನು ಮಾಡಿ, ಪೀಟರ್ ಜಾಕ್ಸನ್ ಅವರ ‘ದೇ ಶಾಲ್ ನಾಟ್ ಗ್ರೋ ಓಲ್ಡ್’ ಎಂಬ ಸಾಕ್ಷ್ಯಚಿತ್ರವನ್ನು ನೋಡಲೇಬೇಕೆಂದು ಹೇಳಿದ್ದಳು. ಮೊದಲ ಮಹಾಯುದ್ಧ ಮುಗಿದು ನೂರು ವರ್ಷವಾದ 2018ರಲ್ಲಿ ಬಂದ ಚಿತ್ರ ಅದು, 99 ನಿಮಿಷದ್ದು. ಯುದ್ಧದ ಚಿತ್ರಗಳ ಮೇಲೆ ನನಗೆ ವಿಶೇಷ ಒಲವೇನೂ ಇಲ್ಲ. ಮಗಳ ಮಾತಿಗೆ ಕಟ್ಟುಬಿದ್ದು ನೋಡಲು ಕುಳಿತೆ.

ಮೊದಲ 25 ನಿಮಿಷಗಳಷ್ಟು ಹೊತ್ತು ಪರದೆಯ ನಡುವೆ ಒಂದು ಸಣ್ಣ ಚೌಕದಲ್ಲಿ ಕಪ್ಪುಬಿಳುಪು ಚಿತ್ರಗಳು ಓಡುತ್ತವೆ. ಹುಡುಗರು ಸೈನ್ಯಕ್ಕೆ ಸೇರುತ್ತಾರೆ, ಕವಾಯತು ಮಾಡುತ್ತಾರೆ, ಹಡಗು ಹತ್ತುತ್ತಾರೆ. ಆಮೇಲೆ ಕಂದಕಗಳಿರುವ ಮುಂಚೂಣಿಗೆ ಅವರು ತಲುಪುವ ಹೊತ್ತಿಗೆ ಆ ಚೌಕ ನಿಧಾನವಾಗಿ ಹಿಗ್ಗಿ ಪರದೆಯನ್ನೆಲ್ಲ ತುಂಬುತ್ತದೆ, ಮಣ್ಣಿಗೆ ಮಣ್ಣಿನ ಬಣ್ಣ ಬರುತ್ತದೆ, ಚಕಚಕನೆ ಬೊಂಬೆಗಳಂತೆ ನಡೆಯುತ್ತಿದ್ದವರು ಮನುಷ್ಯರಂತೆ ನಡೆಯತೊಡಗುತ್ತಾರೆ. ಹುಳುಕು ಹಲ್ಲಿನ ಒಬ್ಬ ಹುಡುಗ ಕ್ಯಾಮೆರಾವನ್ನೇ ನೋಡಿ ನಕ್ಕ. ಗೋಡೆಗೆ ಒರಗಿ ಹೂಬತ್ತಿ ಹೊಸೆಯುತ್ತಿದ್ದ ಎಂಬತ್ತೆರಡು ವರ್ಷದ ನನ್ನ ತಾಯಿಯ ಕೈ ಅಲ್ಲಿಗೇ ನಿಂತಿತು. ಚಿತ್ರ ಮುಗಿದ ಮೇಲೂ ಎದ್ದು ದೀಪ ಹಾಕಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಷ್ಟರಲ್ಲಿ ನಡೆದದ್ದನ್ನು ಹೇಳಬೇಕು. ಕೊನೆಯ ಹೆಸರುಗಳು ಪರದೆಯ ಮೇಲೆ ಹಾಯತೊಡಗಿದ ಕೆಲವೇ ಕ್ಷಣಗಳಲ್ಲಿ ಚಿತ್ರವು ಒಂದು ಮೂಲೆಗೆ ಮುದುಡಿಕೊಂಡು, ‘ಇದು ಇಷ್ಟವಾಗಿದ್ದರೆ ಇವೂ ಇಷ್ಟವಾಗಬಹುದು’ ಎಂಬ ಸಾಲು ಬಂದು ನಿಂತಿತು. ಟ್ಯಾಂಕುಗಳು, ಜಲಾಂತರ್ಗಾಮಿಗಳು, ಹಿಟ್ಲರನ ರಹಸ್ಯ ಆಯುಧಗಳು. ಮುಂದಿನ ಮೂರು ವಾರ ನಾನು ಅವನ್ನೇ ನೋಡಿದೆ. ಎಲ್ಲದರಲ್ಲೂ ಅದೇ ಹೊಗೆ, ಅದೇ ನಗಾರಿ, ಬಾಡಿಗೆ ನಟರಿಗೆ ಸಮವಸ್ತ್ರ ತೊಡಿಸಿ ಮಸುಕಾಗಿ ತೆಗೆದ ಅವೇ ದೃಶ್ಯಗಳು. ಹತ್ತು ನಿಮಿಷಕ್ಕೊಮ್ಮೆ ಹಿಂದೆ ಹೇಳಿದ್ದನ್ನೇ ಮತ್ತೆ ಹೇಳುವ ನಿರೂಪಕ. ಯುದ್ಧದ ಚಿತ್ರ ಹಿಡಿಸಿತೆಂದು ಯುದ್ಧದ ಚಿತ್ರಗಳನ್ನೇ ನೋಡಿದರೆ ಸಾಲದು ಎಂಬುದು ನನಗೆ ಮನದಟ್ಟಾಗಲು ಮೂರು ವಾರ ಬೇಕಾಯಿತು. ಆ ಭಾನುವಾರ ನನ್ನನ್ನು ಹಿಡಿದು ಕೂರಿಸಿದ್ದು ಯುದ್ಧವಲ್ಲ. ಯಾವ ಬಣ್ಣವನ್ನೂ ಬಳಿಯದೆ ತಮಗಾದದ್ದನ್ನು ಹಿನ್ನೆಲೆಯಲ್ಲಿ ತಾವೇ ಹೇಳಿಕೊಳ್ಳುತ್ತಿದ್ದ ಮುದುಕರಾದ ಮಾಜಿ ಸೈನಿಕರ ದನಿ, ಮತ್ತು ಆ ಮುಖಗಳು.

ನಮ್ಮ ಮಲೆನಾಡಿನಲ್ಲಿ, ಕೊಪ್ಪ ಶೃಂಗೇರಿಯ ಕಡೆ, ಯಕ್ಷಗಾನದ ಆಟಕ್ಕೆ ಹೊರಡುವವರು ಪ್ರಸಂಗ ಯಾವುದೆಂದು ಕೇಳುವುದಕ್ಕಿಂತ ಮೊದಲು ಭಾಗವತರು ಯಾರು ಎಂದು ಕೇಳುತ್ತಾರೆ. ಪ್ರಸಂಗ ನೂರು ಸಲ ನೋಡಿದ್ದೇ ಆಗಿರುತ್ತದೆ. ಹಾಡುವವರು ಯಾರು, ಅರ್ಥ ಹೇಳುವವರು ಯಾರು ಎಂಬುದರ ಮೇಲೆ ಆ ರಾತ್ರಿಯ ಹಣೆಬರಹ ನಿಂತಿರುತ್ತದೆ. ಚಿಕ್ಕಂದಿನಿಂದ ಕಿವಿಯ ಮೇಲೆ ಬೀಳುತ್ತಿದ್ದ ಈ ಪ್ರಶ್ನೆಯನ್ನು ಸಾಕ್ಷ್ಯಚಿತ್ರದ ವಿಷಯದಲ್ಲಿ ಕೇಳಿಕೊಳ್ಳಬೇಕೆಂದು ನನಗೆ ಹೊಳೆದಿರಲಿಲ್ಲ. ನಾಲ್ಕನೆಯ ವಾರ ಅದೇ ಚಿತ್ರವನ್ನು ಮತ್ತೆ ಹಚ್ಚಿ, ಕೊನೆಯ ಭಾಗಕ್ಕೆ ಓಡಿಸಿ, ಮೂಲೆಗೆ ಮುದುಡುವುದನ್ನು ತಡೆದು, ಮಗಳ ಕಾಲೇಜಿನ ಕಾಲದ ಅರ್ಧ ಖಾಲಿ ಉಳಿದಿದ್ದ ನೋಟ್‌ಬುಕ್ಕಿನಲ್ಲಿ ಆ ಹೆಸರುಗಳನ್ನು ಬರೆದುಕೊಳ್ಳತೊಡಗಿದೆ. ಒಂದು ಸಾಕ್ಷ್ಯಚಿತ್ರದ ಕೊನೆಯಲ್ಲಿ ಹಾಯುವ ಪಟ್ಟಿ ಆ ಚಿತ್ರದ ಋಣಪತ್ರ. ಈ ತುಣುಕನ್ನು ಯಾರಿಂದ ಪಡೆದೆವು, ಈ ದನಿಯನ್ನು ಯಾರು ಕಾಪಾಡಿ ಇಟ್ಟಿದ್ದರು, ಯಾವ ಇತಿಹಾಸಕಾರರ ಸಲಹೆ ಕೇಳಿದೆವು ಎಂಬುದೆಲ್ಲ ಅಲ್ಲಿರುತ್ತದೆ.

ಜಾಕ್ಸನ್ ಅವರ ಚಿತ್ರದ ಋಣ ಮುಖ್ಯವಾಗಿ ಎರಡು ಮನೆಗಳದು. ಚಿತ್ರದ ತುಣುಕುಗಳು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನವು. ದನಿಗಳು ಆ ವಸ್ತುಸಂಗ್ರಹಾಲಯದವು ಮತ್ತು ಬಿಬಿಸಿಯವು. ಸುಮಾರು 100 ಗಂಟೆಗಳ ಚಿತ್ರವನ್ನು ನೋಡಿ, 200 ಮಾಜಿ ಸೈನಿಕರ 600 ಗಂಟೆಗಳ ಮಾತನ್ನು ಕೇಳಿ, ಅದರಿಂದ ಇಷ್ಟನ್ನು ಸೋಸಿ ತೆಗೆದಿದ್ದಾರೆ. ಅಂದಿನ ಕ್ಯಾಮೆರಾಗಳು ಕೈಯಿಂದ ಹಿಡಿ ತಿರುಗಿಸುವಂಥವು. ತಿರುಗಿಸುವವನ ತೋಳಿನ ವೇಗದ ಮೇಲೆ ಸೆಕೆಂಡಿಗೆ ಹತ್ತೋ ಹದಿನಾರೋ ಚೌಕಟ್ಟುಗಳು ಮೂಡುತ್ತಿದ್ದವು. ಅದನ್ನು ಇಂದಿನ 24ರ ವೇಗದಲ್ಲಿ ಓಡಿಸಿದ್ದರಿಂದಲೇ ನಮ್ಮ ಕಣ್ಣಿಗೆ ಆ ಕಾಲದ ಜನ ಯಾವಾಗಲೂ ಗಡಿಬಿಡಿಯಲ್ಲಿ ನಡೆಯುವವರಂತೆ ಕಂಡದ್ದು. ಜಾಕ್ಸನ್ ಅವರ ತಂಡ ಪ್ರತಿಯೊಂದು ತುಣುಕಿನ ಮೂಲ ವೇಗವನ್ನು ಅಂದಾಜಿಸಿ, ನಡುವೆ ಇಲ್ಲದ ಚೌಕಟ್ಟುಗಳನ್ನು ಕಂಪ್ಯೂಟರಿನಿಂದ ತುಂಬಿಸಿತು. ಮೂಕಿ ಚಿತ್ರದಲ್ಲಿ ಆಡುತ್ತಿರುವ ತುಟಿಗಳನ್ನು ಓದಬಲ್ಲವರನ್ನು ಕರೆಸಿ, ಆ ಮಾತುಗಳನ್ನು ನಟರಿಂದ ಹೇಳಿಸಿತು. ಒಬ್ಬ ಮನುಷ್ಯ ಸತ್ತು ನೂರು ವರ್ಷವಾದ ಮೇಲೆ ಅವನು ಪಕ್ಕದವನಿಗೆ ಹೇಳಿದ ಒಂದು ಮಾತನ್ನು ತುಟಿಯಿಂದ ಎತ್ತಿ ತರುವುದೆಂದರೆ ಏನು ಸಾಮಾನ್ಯವೇ?

ಬಿಬಿಸಿಯ ಹೆಸರಿನ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು 1964ರ ‘ದಿ ಗ್ರೇಟ್ ವಾರ್’ ಎಂಬ 26 ಕಂತುಗಳ ಸರಣಿ. ಇದಕ್ಕಾಗಿಯೇ ಮಾಜಿ ಸೈನಿಕರನ್ನು ಕ್ಯಾಮೆರಾದ ಮುಂದೆ ಕೂರಿಸಿ ಮಾತನಾಡಿಸಿದ್ದರು. ಜಾಕ್ಸನ್ ಅವರ ಚಿತ್ರದಲ್ಲಿ ಬರುವ ಮುದುಕರಿಗೆ ಮುಖವಿಲ್ಲ, ಬರಿಯ ದನಿ. ಇಲ್ಲಿ ಆ ಪೀಳಿಗೆಯವರಿಗೆ ಮುಖವಿದೆ. ಕೋಟು ತೊಟ್ಟು, ಟೈ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ ಕುಳಿತ ಆ ಮನುಷ್ಯರು ನಡುನಡುವೆ ಮಾತು ನಿಲ್ಲಿಸಿ ಬೇರೆಲ್ಲೋ ನೋಡುತ್ತಾರೆ. ಆ ಮೌನವನ್ನು ಸಂಕಲನಕಾರರು ಕತ್ತರಿಸಿಲ್ಲ. ಇಂದಿನ ಚಿತ್ರಗಳಲ್ಲಿ ಇಷ್ಟು ಹೊತ್ತು ಒಬ್ಬರನ್ನು ಸುಮ್ಮನೆ ಕುಳಿತಿರಲು ಬಿಡುವುದಿಲ್ಲ. ಮೊದಲ ಎರಡು ಕಂತು ನಿಧಾನವೆನಿಸಿತು. ಮೂರನೆಯದರಿಂದ ಆ ನಿಧಾನಕ್ಕಾಗಿಯೇ ಕಾಯತೊಡಗಿದೆ.

ಈ ಸರಣಿಯ ಹಿಂದೆ ಒಂದು ಜಗಳವಿದೆ, ನನ್ನ ಮುಂದಿನ ದಾರಿಯನ್ನು ತೋರಿಸಿದ್ದು ಅದೇ. ವಸ್ತುಸಂಗ್ರಹಾಲಯದ ಅಂದಿನ ನಿರ್ದೇಶಕರಾಗಿದ್ದ ಇತಿಹಾಸಕಾರ ನೋಬಲ್ ಫ್ರಾಂಕ್ಲೆಂಡ್ ಅವರು, ರಣರಂಗದಲ್ಲಿ ನಿಜವಾಗಿ ತೆಗೆದ ತುಣುಕುಗಳನ್ನೂ ಆಮೇಲೆ ಅಭಿನಯಿಸಿ ತೆಗೆದ ತುಣುಕುಗಳನ್ನೂ ಬೇರ್ಪಡಿಸಿ ತೋರಿಸದೆ ಬೆರೆಸಿದ್ದಕ್ಕೆ ಬಲವಾಗಿ ಆಕ್ಷೇಪಿಸಿದರು. ಹಾಗಾದರೆ ನಾವು ನಿಜವೆಂದು ನೋಡುತ್ತಿರುವುದರಲ್ಲಿ ಅಭಿನಯ ಎಷ್ಟು? ಆ ಪ್ರಶ್ನೆಯ ಎಳೆ ಹಿಡಿದು 1916ರ ಮೂಲ ಚಿತ್ರಕ್ಕೇ ಹೋದೆ. ಜೆಫ್ರಿ ಮ್ಯಾಲಿನ್ಸ್ ಮತ್ತು ಜಾನ್ ಮೆಕ್‌ಡೊವೆಲ್ ಎಂಬ ಇಬ್ಬರು ಕ್ಯಾಮೆರಾದವರು ತೆಗೆದ ‘ದಿ ಬ್ಯಾಟಲ್ ಆಫ್ ದಿ ಸೊಮ್’ ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಆ ವರ್ಷದ ಆಗಸ್ಟ್ ತಿಂಗಳಲ್ಲಿ ಬ್ರಿಟನ್ನಿನ ಚಿತ್ರಮಂದಿರಗಳಿಗೆ ಬಂತು. ಮೊದಲ ಆರು ವಾರಗಳಲ್ಲಿ ಸುಮಾರು 2 ಕೋಟಿ ಜನ ನೋಡಿದರೆಂದು ಲೆಕ್ಕ. ತಮ್ಮ ಮಗನೋ ಗಂಡನೋ ಕಂಡಾನೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದವರು ಅವರಲ್ಲಿ ಎಷ್ಟೋ.

ಅದರಲ್ಲಿ ಒಂದು ದೃಶ್ಯವಿದೆ. ಸೈನಿಕರು ಕಂದಕದಿಂದ ಮೇಲೆ ಹತ್ತುತ್ತಾರೆ. ಒಬ್ಬ ಅಂಚಿನಲ್ಲೇ ಕುಸಿದು ಹಿಂದಕ್ಕೆ ಜಾರುತ್ತಾನೆ. ಯುದ್ಧದ ಚಿತ್ರಗಳಲ್ಲೆಲ್ಲ ಅತಿ ಹೆಚ್ಚು ಬಳಕೆಯಾದ ದೃಶ್ಯಗಳಲ್ಲಿ ಇದೊಂದು. ಇದು ಮುಂಚೂಣಿಯ ಹಿಂದೆ, ತರಬೇತಿಯ ಜಾಗದಲ್ಲಿ ಅಭಿನಯಿಸಿದ್ದೆಂದು ಇತಿಹಾಸಕಾರರು ಈಗ ಒಪ್ಪಿದ್ದಾರೆ. ಗೊತ್ತಾದ ಮೇಲೆ ನೋಡಿದರೆ ಸುಳಿವುಗಳು ಕಣ್ಣಿಗೇ ಹೊಡೆಯುತ್ತವೆ: ಸೈನಿಕರ ಬೆನ್ನ ಮೇಲೆ ಪೂರ್ತಿ ಹೊರೆಯಿಲ್ಲ, ಕ್ಯಾಮೆರಾ ನಿಂತಿರುವ ಜಾಗದಲ್ಲಿ ನಿಜವಾಗಿ ಯಾರಾದರೂ ನಿಂತಿದ್ದರೆ ಗುಂಡಿಗೆ ಎದೆಯೊಡ್ಡಿದಂತೆ ಆಗುತ್ತಿತ್ತು. ಅದೇ ಚಿತ್ರದ ಮತ್ತೊಂದು ಭಾಗದಲ್ಲಿ, ಗಾಯಗೊಂಡವನನ್ನು ಹೆಗಲ ಮೇಲೆ ಹೊತ್ತು ಕಂದಕದಲ್ಲಿ ನಡೆದು ಬರುವ ಒಬ್ಬ ಕ್ಯಾಮೆರಾದತ್ತ ಒಂದು ನೋಟ ಬೀರುತ್ತಾನೆ. ಅದು ಅಭಿನಯವಲ್ಲ. ಆ ನೋಟದಲ್ಲಿರುವ ದಣಿವನ್ನು ಯಾರೂ ನಟಿಸಲಾರರು ಎಂಬುದು ನನ್ನ ನಂಬಿಕೆ.

ಈ ಮಾತನ್ನು ತಾಯಿಗೆ ಹೇಳಿದಾಗ ಅವರಿಗೆ ಹಳೇಬೀಡಿನ ಕಡೆಯ ತವರೂರಿನ ಕೆರೆ ಏರಿಯ ವೀರಗಲ್ಲು ನೆನಪಾಯಿತು. ಮೂರು ಹಂತದ ಕಲ್ಲು ಅದು. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಲಿಂಗದ ಮುಂದೆ ಕುಳಿತಿರುವುದು. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಹಂತದಲ್ಲಿ ಅವನು ಬಿದ್ದ ರೀತಿ ಹಾಗೆಯೇ ಇತ್ತೇ ಎಂದು ಶಿಲ್ಪಿಯನ್ನು ಯಾರೂ ಕೇಳುವುದಿಲ್ಲ. ಕಲ್ಲು ತಾನು ನೆನಪಿನ ಕಲ್ಲೆಂದು ತಾನೇ ಹೇಳಿಕೊಳ್ಳುತ್ತದೆ. ಚಿತ್ರ ಹಾಗಲ್ಲ. ನಾನು ಕಂಡದ್ದು ಇದು ಎಂದು ಅದು ಆಣೆಯಿಡುತ್ತದೆ. ಆದ್ದರಿಂದಲೇ ಫ್ರಾಂಕ್ಲೆಂಡ್ ಅವರ ಸಿಟ್ಟು ನನಗೆ ನ್ಯಾಯವಾಗಿ ತೋರುತ್ತದೆ.

ಬಣ್ಣ ಬಳಿದದ್ದು ಸರಿಯೇ ಎಂಬ ತಕರಾರೂ ಇದರ ಜೊತೆಗೇ ಎದ್ದಿತು. ನಾನು ಮೆಚ್ಚಿದ ಚಿತ್ರದ ಮೇಲೆಯೇ ಎದ್ದ ತಕರಾರಾದ್ದರಿಂದ ಅದಕ್ಕೆ ಪೂರಾ ವಿರುದ್ಧವಾದದ್ದನ್ನು ನೋಡಬೇಕೆನಿಸಿತು. ಕ್ಲೋದ್ ಲಾಂಜ್‌ಮನ್ ಅವರ ‘ಶೋವಾ’ 1985ರದು; ಒಂಬತ್ತು ಗಂಟೆಗೂ ಹೆಚ್ಚಿನದು; ಮಾಡಲು ಹಿಡಿದದ್ದು ಹನ್ನೊಂದು ವರ್ಷ. ಯೆಹೂದ್ಯರ ಹತ್ಯಾಕಾಂಡದ ಬಗೆಗಿನ ಈ ಚಿತ್ರದಲ್ಲಿ ಆ ಕಾಲದ ಒಂದೇ ಒಂದು ಹಳೆಯ ತುಣುಕನ್ನೂ ಬಳಸಿಲ್ಲ. ಆರಂಭದಲ್ಲಿ ನಡುವಯಸ್ಸಿನ ಒಬ್ಬ ಮನುಷ್ಯ ಪೋಲೆಂಡಿನ ಒಂದು ಸಣ್ಣ ಹೊಳೆಯಲ್ಲಿ ದೋಣಿಯ ಮೇಲೆ ಕುಳಿತು ಹಾಡುತ್ತ ಸಾಗುತ್ತಾನೆ. ಸುತ್ತ ಹಸಿರು, ಹೊಳೆ ತಣ್ಣಗೆ ಹರಿಯುತ್ತಿದೆ. ಹುಡುಗನಾಗಿದ್ದಾಗ ಹೆಲ್ಮ್ನೊ ಎಂಬಲ್ಲಿ ಕಾವಲುಗಾರರ ಅಪ್ಪಣೆಯಂತೆ ಅದೇ ಹೊಳೆಯಲ್ಲಿ ಅವನು ಹಾಡಬೇಕಾಗಿತ್ತು. ಅಲ್ಲಿಂದ ಬದುಕಿ ಬಂದ ಬೆರಳೆಣಿಕೆಯ ಜನರಲ್ಲಿ ಅವನೊಬ್ಬ. ಕೆಡುಕು ನಡೆದ ಜಾಗ ಇಂದು ಹೇಗಿದೆ ಎಂದು ತೋರಿಸುವುದರಲ್ಲೇ ಎಲ್ಲವನ್ನೂ ಹೇಳುವ ಆ ಸಂಯಮ ನನ್ನನ್ನು ದಂಗುಬಡಿಸಿತು. ಒಂದೇ ಸಲಕ್ಕೆ ಕುಳಿತು ನೋಡುವ ಶಕ್ತಿ ನನಗಿರಲಿಲ್ಲ. ನಾಲ್ಕು ಭಾನುವಾರ ಹಿಡಿಯಿತು. ಯಾರಿಗಾದರೂ ಹೇಳುವಾಗಲೂ ಹಾಗೆಯೇ ನೋಡಿರೆಂದು ಹೇಳುತ್ತೇನೆ.

ಋಣಪತ್ರದಲ್ಲಿ ಇರುವ ಹೆಸರುಗಳಾದ ಮೇಲೆ ಇಲ್ಲದ ಹೆಸರುಗಳತ್ತ ಗಮನ ಹರಿಯಿತು. ಜಾಕ್ಸನ್ ಅವರು ಬೇಕೆಂದೇ ತಮ್ಮ ಚಿತ್ರವನ್ನು ಪಶ್ಚಿಮ ರಣರಂಗದ ಬ್ರಿಟಿಷ್ ಕಾಲಾಳಿನ ಅನುಭವಕ್ಕೆ ಸೀಮಿತಗೊಳಿಸಿಕೊಂಡಿದ್ದಾರೆ. ಆದರೆ ಆ ಯುದ್ಧಕ್ಕೆ ಭಾರತದಿಂದ ಹೋದವರು ಸೈನಿಕರೂ ಕೂಲಿಗಳೂ ಸೇರಿ 13 ಲಕ್ಷದಷ್ಟು. ಮರಳದವರು 74 ಸಾವಿರಕ್ಕೂ ಹೆಚ್ಚು. ಅವರ ದನಿ ಎಲ್ಲಿದೆ? ಈ ಪ್ರಶ್ನೆಗೆ ಎದುರಾದ ಚಿತ್ರವನ್ನು ನಾನು ಈವರೆಗೆ ನೋಡಿದವುಗಳಲ್ಲೆಲ್ಲ ಮೇಲೆ ಇಡುತ್ತೇನೆ. ಜರ್ಮನಿಯ ಫಿಲಿಪ್ ಶೆಫ್ನರ್ ಅವರು 2007ರಲ್ಲಿ ಮಾಡಿದ ‘ದಿ ಹಾಫ್‌ಮೂನ್ ಫೈಲ್ಸ್’ ಅದು.

ಬರ್ಲಿನ್ನಿನ ಹತ್ತಿರದ ವ್ಯೂನ್ಸ್‌ಡಾರ್ಫ್ ಎಂಬಲ್ಲಿ ಅರ್ಧಚಂದ್ರ ಶಿಬಿರವೆಂಬ ಹೆಸರಿನ ಒಂದು ಸೆರೆಶಿಬಿರವಿತ್ತು. ಬ್ರಿಟಿಷರ, ಫ್ರೆಂಚರ ಪರವಾಗಿ ಹೋರಾಡಿ ಸೆರೆಸಿಕ್ಕ ಮುಸ್ಲಿಮರನ್ನೂ ಭಾರತೀಯರನ್ನೂ ಅಲ್ಲಿಟ್ಟಿದ್ದರು. ಜರ್ಮನಿಯ ವಿದ್ವಾಂಸರ ಒಂದು ತಂಡ 1915ರಿಂದ 1918ರವರೆಗೆ ಇಂಥ ಶಿಬಿರಗಳಿಗೆ ಹೋಗಿ, ಕೈದಿಗಳನ್ನು ಗ್ರಾಮಫೋನಿನ ಕಹಳೆಯ ಮುಂದೆ ನಿಲ್ಲಿಸಿ, ಭಾಷೆಗಳ ಮಾದರಿಗಳೆಂದು ಅವರ ದನಿಯನ್ನು ತಟ್ಟೆಗಳಲ್ಲಿ ಹಿಡಿದಿಟ್ಟಿತು. ಅವು ಇಂದು ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದಲ್ಲಿವೆ. 1916ರ ಡಿಸೆಂಬರ್ 11ರಂದು ಮಲ್ ಸಿಂಗ್ ಎಂಬ ಪಂಜಾಬಿ ಸೈನಿಕ ಆ ಕಹಳೆಯ ಮುಂದೆ ಒಂದು ನಿಮಿಷ ಇಪ್ಪತ್ತು ಸೆಕೆಂಡು ಮಾತನಾಡಿದ. ಒಬ್ಬ ಮನುಷ್ಯನಿದ್ದ, ಹಿಂದುಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ, ಯುರೋಪಿನ ಯುದ್ಧಕ್ಕೆ ಬಂದ, ಜರ್ಮನಿಯ ಕೈಗೆ ಸಿಕ್ಕಿದ, ಈಗ ಊರಿಗೆ ಹೋಗಬೇಕೆನ್ನುತ್ತಾನೆ ಎಂಬುದು ಅವನ ಮಾತಿನ ಸಾರ. ಶೆಫ್ನರ್ ಅವರು ಹಲವು ಸಲ ಪರದೆಯನ್ನು ಕತ್ತಲಾಗಿಸಿ ದನಿಯನ್ನಷ್ಟೇ ಕೇಳಿಸುತ್ತಾರೆ. ಆ ತಟ್ಟೆಯ ಗರಗರ ಸದ್ದಿನೊಳಗಿಂದ ಬರುವ ದನಿಗೆ ಕಿವಿಗೊಟ್ಟು ಕೂರುವುದೊಂದೇ ನಮಗೆ ಉಳಿಯುವ ಕೆಲಸ.

ತಾಯಿಗೆ ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಅವರು ಕೇಳಿದರು: “ತನ್ನ ಕಥೆನೇ ಹೇಳ್ತಾ ಅವ್ನೆ. ನಾನು ಅಂತ ಯಾಕೆ ಹೇಳಲ್ಲ?” ಸೆರೆಮನೆಯಲ್ಲವೇ, ಅಧಿಕಾರಿಗಳು ಸುತ್ತ ನಿಂತಿರುತ್ತಾರೆ, ಏನು ಹೇಳುತ್ತೀ ಎಂದು ಮೊದಲೇ ಬರೆಸಿಕೊಂಡು ಆಮೇಲೆ ಹೇಳಿಸುತ್ತಿದ್ದರು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಾನು ಅಂದಿದ್ರೆ ಅಳು ಬಂದ್ಬಿಡ್ತಿತ್ತು ಕಣೋ, ಅದಕ್ಕೇ,” ಎಂದರು. ಆ ಧ್ವನಿಮುದ್ರಿಕೆಯ ಬಗ್ಗೆ ನಾನು ಆಮೇಲೆ ಓದಿದ ಯಾವ ವಿವರಣೆಯೂ ನನಗೆ ಇಷ್ಟು ಹತ್ತಿರವಾಗಲಿಲ್ಲ.

ಭಾರತೀಯ ಸೈನಿಕರ ಜಾಡು ಹಿಡಿದವನಿಗೆ ಮೈಸೂರಿನವರು ಸಿಗದೆ ಇರುತ್ತಾರೆಯೇ? 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದವರಲ್ಲಿ ಜೋಧಪುರದ ಕುದುರೆ ಪಡೆಯ ಜೊತೆಗೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಕಾರ್ಮೆಲ್ ಬೆಟ್ಟದ ಮೇಲಿಂದ ಗುಂಡು ಸುರಿಸುತ್ತಿದ್ದ ಫಿರಂಗಿಗಳನ್ನು ಹಿಡಿಯಲು ಕಡಿದಾದ ಏರನ್ನು ಹತ್ತಿ ಹೋದದ್ದು ಮೈಸೂರಿನ ಒಂದು ತುಕಡಿ. ಫಿರಂಗಿ ಮತ್ತು ಮೆಷಿನ್‌ಗನ್ನುಗಳ ಎದುರು ಈಟಿ ಹಿಡಿದ ಕುದುರೆ ಸವಾರರು. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಪ್ರತಿಮೆಗಳಲ್ಲಿ ಒಂದು ಮೈಸೂರಿನದು, 1922ರಲ್ಲಿ ನಿಲ್ಲಿಸಿದ್ದು. ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಅವರ ಸ್ಮಾರಕವಿದೆ. ಮಗಳ ಮನೆಗೆ ಹೋದಾಗಲೆಲ್ಲ ಆ ರಸ್ತೆಯಲ್ಲಿ ಬಸ್ಸಿನಲ್ಲಿ ಹಾದು ಹೋಗಿದ್ದವನು ಈಚೆಗೆ ಮೊದಲ ಸಲ ಇಳಿದು ನಿಂತು ನೋಡಿದೆ. ಹೈಫಾದ ಏರು ಹತ್ತಿದ ಆ ಸವಾರರ ಬಗ್ಗೆ ಮೈಸೂರು ಸೀಮೆಯ ದನಿಯಲ್ಲೇ ಕನ್ನಡದಲ್ಲಿ ಹೇಳುವ ಒಂದು ದೊಡ್ಡ ಸಾಕ್ಷ್ಯಚಿತ್ರ ಬರಬೇಕೆಂಬ ಆಸೆ ಅಲ್ಲಿ ನಿಂತಾಗ ನನ್ನಲ್ಲಿ ಗಟ್ಟಿಯಾಯಿತು.

ಹೀಗೆ ಹುಡುಕುವವರಿಗೆ ಉಪಯೋಗಕ್ಕೆ ಬರಬಹುದಾದ ಒಂದು ಮಾತು. ಹಳೆಯ ತುಣುಕುಗಳ ಭಂಡಾರಗಳಲ್ಲಿ ಊರುಗಳು ಹಳೆಯ ಹೆಸರಿನಲ್ಲೇ ಇರುತ್ತವೆ. ಹಳೆಯ ವಾರ್ತಾಚಿತ್ರಗಳ ಸಂಸ್ಥೆಯಾದ ಬ್ರಿಟಿಷ್ ಪಾಥೆಯವರು 2014ರಲ್ಲಿ ತಮ್ಮ 85 ಸಾವಿರ ತುಣುಕುಗಳನ್ನು ಯೂಟ್ಯೂಬಿನಲ್ಲಿ ಇಟ್ಟರು. ಅಲ್ಲಿ ಕರ್ನಾಟಕವೆಂದು ಹುಡುಕಿದರೆ ಹಳೆಯದು ಸಿಗುವುದು ಕಷ್ಟ, ಮೈಸೂರೆಂದು ಹಳೆಯ ಕಾಗುಣಿತದಲ್ಲಿ ಹುಡುಕಬೇಕು. ಚಿಕ್ಕಮಗಳೂರು ಜಿಲ್ಲೆ ಸ್ವಾತಂತ್ರ್ಯದ ಕಾಲದವರೆಗೂ ಕಡೂರು ಜಿಲ್ಲೆಯಾಗಿತ್ತು ಎಂಬುದೂ ನೆನಪಿರಲಿ.

ನಮ್ಮ ಸರ್ಕಾರದ ಫಿಲ್ಮ್ಸ್ ಡಿವಿಷನ್ 1948ರಲ್ಲಿ ಶುರುವಾಯಿತು. ಅದರ ವಾರ್ತಾಚಿತ್ರಗಳನ್ನು ಚಿತ್ರಮಂದಿರದವರು ಮುಖ್ಯ ಚಿತ್ರಕ್ಕೆ ಮೊದಲು ತೋರಿಸಲೇಬೇಕಿತ್ತು. ನಾನು ಹಾಸನದಲ್ಲಿ ಹೈಸ್ಕೂಲಿನಲ್ಲಿದ್ದಾಗ, ಅದು ಮುಗಿದ ಮೇಲೆ ಒಳಗೆ ಹೋಗೋಣವೆಂದು ಹೊರಗೆ ಕಡಲೆಕಾಯಿ ತಿನ್ನುತ್ತ ನಿಲ್ಲುವವರೇ ಹೆಚ್ಚು. ನನ್ನ ತಂದೆ ಮಾತ್ರ ಬೇಗ ಬೇಗ ಎಂದು ಕೈ ಹಿಡಿದು ಎಳೆದುಕೊಂಡು ಹೋಗಿ ಮೊದಲಿನಿಂದಲೇ ಕೂರಿಸುತ್ತಿದ್ದರು. ಬರಗಾಲ, ಅಣೆಕಟ್ಟು, ಬಾಂಗ್ಲಾದಿಂದ ಬಂದ ನಿರಾಶ್ರಿತರು, ಇವೆಲ್ಲ ನನಗೆ ಮೊದಲು ಚಿತ್ರವಾಗಿ ಸಿಕ್ಕಿದ್ದು ಆ ಗಂಭೀರ ಕನ್ನಡ ದನಿಯ ಹಿನ್ನೆಲೆಯಲ್ಲಿ. ಆ ಸಂಸ್ಥೆ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ (ಎನ್‌ಎಫ್‌ಡಿಸಿ) ವಿಲೀನವಾಗಿದೆ. ಅದರ ಸಂಗ್ರಹದಲ್ಲಿ ಸತ್ಯಜಿತ್ ರೇ ಅವರು 1961ರಲ್ಲಿ ಮಾಡಿದ ಟ್ಯಾಗೋರರ ಬಗೆಗಿನ ಚಿತ್ರವೂ, ಸುಖದೇವ್ ಅವರು ಬಾಂಗ್ಲಾ ವಿಮೋಚನೆಯ ಬಗ್ಗೆ ಮಾಡಿದ ಚಿತ್ರವೂ ಇವೆ. ಎರಡನೆಯದನ್ನು ನೋಡುತ್ತಿದ್ದಾಗ ತಂದೆಯ ಅಂಗೈಯ ಬಿಸಿ ನನಗೆ ನಿಜವಾಗಿಯೂ ನೆನಪಾಯಿತು.

ನೋಟ್‌ಬುಕ್ಕಿನಲ್ಲಿ ಈಗ ಹನ್ನೊಂದು ಪುಟ ತುಂಬಿದೆ. ಫ್ರಾಂಕ್ಲೆಂಡ್ ಅವರ ಹೆಸರಿನ ಕೆಳಗೆ ಎಳೆದಿದ್ದ ಗೆರೆ ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. 1964ರಲ್ಲಿ ಆಕ್ಷೇಪವೆತ್ತಿದ ಅದೇ ಇತಿಹಾಸಕಾರರು, ಜೆರೆಮಿ ಐಸಾಕ್ಸ್ ಅವರು 1973ರಲ್ಲಿ ಎರಡನೆಯ ಮಹಾಯುದ್ಧದ ಬಗ್ಗೆ ನಿರ್ಮಿಸಿದ ‘ದಿ ವರ್ಲ್ಡ್ ಅಟ್ ವಾರ್’ ಸರಣಿಗೆ ಇತಿಹಾಸದ ಸಲಹೆಗಾರರಾದರು. ಅದೂ 26 ಕಂತು. ಮೊದಲ ಕಂತು ಫ್ರಾನ್ಸಿನ ಒರಾದೂರ್ ಎಂಬ ಖಾಲಿ ಊರಿನಿಂದ ಶುರುವಾಗುತ್ತದೆ. 1944ರ ಜೂನ್ 10ರಂದು ನಾಜಿ ಸೈನಿಕರು ಅಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನು ಕೊಂದರು. ಊರನ್ನು ಮತ್ತೆ ಕಟ್ಟದೆ ಪಾಳು ಬಿದ್ದ ಹಾಗೆಯೇ ಉಳಿಸಿಕೊಂಡಿದ್ದಾರೆ. ಸೂರಿಲ್ಲದ ಮನೆಗಳು, ಯಾರೂ ಇಲ್ಲದ ಬೀದಿ, ನಿರೂಪಕ ಲಾರೆನ್ಸ್ ಒಲಿವಿಯೆ ಅವರ ಇಳಿದನಿ. ತಾಯಿ ಹೂಬತ್ತಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕುಳಿತಿದ್ದರು. ಕಂತು ಮುಗಿದು ಹೆಸರುಗಳು ಬರತೊಡಗಿದಾಗ ಪೆನ್ನು ಎಲ್ಲಿಟ್ಟೆನೆಂದು ನಾನು ತಡಕಾಡುತ್ತಿದ್ದರೆ, ಅವರೇ ದಿಂಬಿನ ಕೆಳಗಿನಿಂದ ತೆಗೆದು ಕೊಟ್ಟರು.